ಮಾವ ಹಿಂದಕ್ಕೆ ಬರುತ್ತಿದ್ದ ಬಗೆ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೂ ಒಂದಿತ್ತು. ಯಾರ್ಡಿನ ಕೆಲಸಕ್ಕೆ ಸೇರಿದ ವಾರದೊಳಗೆ ಅದು ಎಲ್ಲೋ ಬಿದ್ದುಹೋಯಿತು, ಅವನೂ ಹುಡುಕಲು ಹೋಗಲಿಲ್ಲ. ಹೊಸಬರಿಗೆ ಅವನು ಕೊಂಡಿಯಣ್ಣ, ಹಳಬರಿಗೆ ಬರೀ ಕೊಂಡಿ, ಹೆಂಡತಿಗೆ ಮಾತ್ರ 'ರೀ'. ಮಾವನಿಗೆ ಏನೆಂದು ಕೇಳಿದರೆ, ಅಲ್ಲೇ ಇರುವುದು ತಾಪತ್ರಯ. ಮದುವೆಯಾದಂದಿನಿಂದ ಮಾವ ಅವನನ್ನು ಕರೆದದ್ದೇ ಇಲ್ಲ.

ಕೊಂಡಿಯ ಕೆಲಸವೆಂದರೆ ಲಾರಿಗೂ ರೈಲಿಗೂ ಗಂಟು ಹಾಕುವುದು. ರಸ್ತೆಯ ಮೇಲೆ ಸರಕು ಹೊತ್ತು ಬಂದ ಉದ್ದನೆಯ ಟ್ರೈಲರನ್ನು ಬಿಚ್ಚಿ, ಇಳಿಸಿ, ಮತ್ತೆ ರೈಲಿಗೆ ತುಂಬುವ ರಗಳೆ ಆ ಯಾರ್ಡಿನಲ್ಲಿಲ್ಲ. ಅಲ್ಲಿ ಟ್ರೈಲರೇ ರೈಲಾಗುತ್ತದೆ. ನೆಲದ ಮಟ್ಟಕ್ಕೆ ಹೂತ ಹಳಿಯ ಮೇಲೆ ಬೋಗಿಯೊಂದು ಕಾದು ನಿಂತಿರುತ್ತದೆ. ಬೋಗಿ ಎಂದಕೂಡಲೆ ಕಿಟಕಿ ಪಕ್ಕದ ಸೀಟನ್ನು ನೆನೆಸಿಕೊಳ್ಳಬೇಡಿ. ಇದು ಮೈಯಿಲ್ಲದೆ ಬರೀ ಕಾಲಿರುವ ಪ್ರಾಣಿ: ನಾಲ್ಕು ಕಬ್ಬಿಣದ ಗಾಲಿ, ಮೇಲೊಂದು ದಪ್ಪ ಚೌಕಟ್ಟು, ಅಷ್ಟೆ. ಡ್ರೈವರು ಟ್ರೈಲರನ್ನು ಹಿಂದಕ್ಕೆ ತಳ್ಳಿಕೊಂಡು ಬಂದು ಅದರ ಬೆನ್ನನ್ನು ಈ ಬೋಗಿಯ ಮೇಲೆ ಕೂರಿಸಬೇಕು. ಅದಕ್ಕೂ ಮುಂಚೆ ಬಂದು ಕೂತ ಟ್ರೈಲರಿನ ಮೂತಿಯಲ್ಲಿ ಒಂದು ಕಬ್ಬಿಣದ ನಾಲಿಗೆ ಚಾಚಿರುತ್ತದೆ, ಹೊಸದಾಗಿ ಬರುವುದರ ಬೆನ್ನಲ್ಲಿ ಆ ನಾಲಿಗೆಗೆ ಒಂದು ಗೂಡು. ನಾಲಿಗೆ ಗೂಡಿನೊಳಗೆ ಹೋಗಬೇಕು, ಗೂಟ ಬೀಳಬೇಕು, ರಸ್ತೆಯ ಗಾಲಿಗಳು ಬುಸ್ಸೆಂದು ಮಡಚಿಕೊಂಡು ಮೇಲೇಳಬೇಕು. ಅಲ್ಲಿಯವರೆಗೆ ಅದು ಲಾರಿ, ಅಲ್ಲಿಂದ ಮುಂದೆ ಅದು ರೈಲು. ನಡುವಿನ ಗಳಿಗೆಯಲ್ಲಿ ಅದು ಏನು ಎಂದು ಕೊಂಡಿಯನ್ನು ಕೇಳಿದರೆ, "ಆವಾಗ ಅದು ನನ್ನ ತಲೆನೋವು" ಎನ್ನುತ್ತಿದ್ದ.

ಆ ಗಳಿಗೆಯಲ್ಲಿ ಅವನು ನಿಲ್ಲುವ ಜಾಗ ಎಂಥದ್ದೆಂದರೆ, ಕೂತ ಟ್ರೈಲರಿನ ಮೂತಿಗೂ ಬರುವ ಟ್ರೈಲರಿನ ಬೆನ್ನಿಗೂ ಮಧ್ಯೆ. ನಾಲಿಗೆ ಗೂಡಿಗೆ ನೇರವಾಗಿದೆಯೇ ಎಂದು ಬಗ್ಗಿ ನೋಡಿ, ಡ್ರೈವರಿಗೆ ಕನ್ನಡಿಯಲ್ಲಿ ಕಾಣುವಂತೆ ಕೈ ಮಾಡಿ, ಕೊನೆಗೆ ಪಕ್ಕಕ್ಕೆ ಸರಿಯಬೇಕು. ಸರಿಯುವುದು ತಡವಾದರೆ ಕೊಂಡಿ ಟ್ರೈಲರಿನ ಬೆನ್ನಿಗೆ ಅಂಟಿಸಿದ ಜಾಹೀರಾತಾಗಿ ಊರೂರು ನೋಡಬಹುದಿತ್ತು. ಎಡ ಬಲ ಎನ್ನುವ ಮಾತು ಅಲ್ಲಿ ನಿಷಿದ್ಧ. ಎದುರು ನಿಂತವನ ಎಡ ಕೂತವನಿಗೆ ಬಲ, ಮೇಲಾಗಿ ಹಿಂದಕ್ಕೆ ಬರುವಾಗ ಚಕ್ರ ಆ ಕಡೆ ತಿರುಗಿಸಿದರೆ ಬೆನ್ನು ಈ ಕಡೆ ಹೋಗುತ್ತದೆ. ಈ ಲೆಕ್ಕ ಬಿಡಿಸಲು ಹೋಗಿ ಹಿಂದೊಬ್ಬ ಕೊಂಡಿಯವನು ಸನ್ಯಾಸಿಯಾದನಂತೆ. ಹಾಗಾಗಿ ಯಾರ್ಡಿನಲ್ಲಿರುವುದು ಎರಡೇ ದಿಕ್ಕು, ದೀಪದ ಕಂಬದ ಕಡೆ ಮತ್ತು ಗೋಡೆ ಕಡೆ.

ಇನ್ನು ಮಾವನ ವಿಷಯ. ಕೊಂಡಿಯ ಅಪ್ಪ ರೈಲ್ವೆ ಗೇಟು ಕಾಯುವವನು, ಮಾವ ಲಾರಿ ಡ್ರೈವರು. ಹಾವು ಮುಂಗುಸಿಗಾದರೂ ನಡುವೆ ವಿರಾಮವಿರುತ್ತದೆ, ಗೇಟಿನವನಿಗೂ ಲಾರಿಯವನಿಗೂ ಅದಿಲ್ಲ. ಅಪ್ಪ ಒಮ್ಮೆ ಗೇಟು ಹಾಕಿದರೆ ರೈಲು ಬರುವಷ್ಟರಲ್ಲಿ ಲಾರಿಯವರಿಗೆ ಗಡ್ಡ ಬೆಳೆಯುತ್ತಿತ್ತು ಎಂದು ಮಾವನ ದೂರು. ಎಳೆ ಸೌತೆಕಾಯಿ ಹೇರಿಕೊಂಡು ಬಂದು ನಿಂತವನು ಗೇಟು ತೆರೆಯುವ ಹೊತ್ತಿಗೆ ಬೀಜದ ವ್ಯಾಪಾರಿಯಾಗಿದ್ದನಂತೆ. ಆ ಕಾಯುವಿಕೆಯಲ್ಲೇ ಲಾರಿಯೊಳಗೆ ಮಾವನ ಪಕ್ಕ ಕೂತ ಅವನ ಮಗಳಿಗೂ ಗೇಟಿನ ಕೋಣೆಯ ಮುಂದೆ ನಿಂತ ಹುಡುಗನಿಗೂ ಗುರುತಾಯಿತು, ಮಾತಾಯಿತು, ಮದುವೆಯವರೆಗೆ ಹೋಯಿತು. ಗೇಟು ಬೇಗ ತೆರೆದಿದ್ದರೆ ಈ ಸಂಬಂಧವೇ ಕುದುರುತ್ತಿರಲಿಲ್ಲ ಎನ್ನುವುದು ಮಾವನ ಎರಡನೆಯ ದೂರು.

ಮೂರನೆಯದು ಮದುವೆಯ ದಿನದ್ದು. ಹೆಣ್ಣು, ಹೆಣ್ಣಿನ ಕಡೆಯವರು, ಪಾತ್ರೆ ಪರಡಿ ಎಲ್ಲ ಹೇರಿಕೊಂಡು ಮಾವನ ಲಾರಿ ಬಂತು. ಗೇಟು ಹಾಕಿತ್ತು. ಬೀಗರು ಈಚೆಯಿಂದ ಕೂಗಿದರು. ಅಪ್ಪ ಹೊಸ ಬಟ್ಟೆ ಉಟ್ಟು, ಕೈಯಲ್ಲಿ ಬಾವುಟ ಹಿಡಿದು, ಹಿಂದಿನ ಸ್ಟೇಷನ್ನಿನಿಂದ ಗಾಡಿ ಹೊರಟಿದೆ, ಅದು ಹೋದಮೇಲೆ ಬನ್ನಿ ಎಂದ. ಮಗನ ಮದುವೆಗೆ ಹೆಣ್ಣೇ ಬಂದಿದೆಯಲ್ಲಯ್ಯ ಎಂದು ಯಾರೋ ಅಂಗಲಾಚಿದರೆ, "ಹೆಣ್ಣು ಬಂದರೂ ಅಷ್ಟೆ, ಹೆಣ್ಣಿನಪ್ಪ ಬಂದರೂ ಅಷ್ಟೆ" ಎಂದನಂತೆ. ಗಾಡಿ ಬಂದು ಹೋಗುವಷ್ಟರಲ್ಲಿ ಆಚೆ ಕಡೆ ನೆಂಟರು ಉಂಡು ಕೈ ತೊಳೆಯುತ್ತಿದ್ದರು. ಆವತ್ತು ಮಾವ ಶಪಥ ಮಾಡಿದ, ಗೇಟಿನವನ ಮನೆಯವರೊಂದಿಗೆ ಇನ್ನು ಮಾತಿಲ್ಲ ಎಂದು. ಅಳಿಯನ ಜೊತೆಗಾದರೂ ಮಾತಾಡು ಎಂದು ಹಿರಿಯರು ಹೇಳಿದ್ದಕ್ಕೆ, "ಮಗಳನ್ನು ಕೊಟ್ಟಾಯ್ತು, ಮಾತನ್ನೂ ಕೊಡಬೇಕಾ?" ಎಂದು ಕೇಳಿದ. ಕಾಲಾನಂತರ ಅಪ್ಪ ತೀರಿಕೊಂಡ. ಬೇರೆಯವರಿಗೆ ಅಪ್ಪನಿಂದ ಮನೆ ಬರುತ್ತದೆ, ಹೊಲ ಬರುತ್ತದೆ. ಕೊಂಡಿಗೆ ಬಂದದ್ದು ಮಾವನ ಮೌನ.

ಅತ್ತೆ ಹೋದಮೇಲೆ ಮಾವ ಮಗಳ ಮನೆಗೇ ಬಂದು ಸೇರಿದ. ಎರಡು ಕೋಣೆ, ಒಂದು ಅಡುಗೆಮನೆ, ಬಾಗಿಲ ಹಿಂದೆ ಕೋಟು ನೇತುಹಾಕುವ ಗೂಟ. ಅಷ್ಟು ಚಿಕ್ಕ ಮನೆಯಲ್ಲಿ ಮಾತಾಡದೆ ಇರುವುದು ಸುಲಭದ ಕಸುಬಲ್ಲ, ಮಾವ ಅದರಲ್ಲಿ ಪಳಗಿದ. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದ, ಲೋಟಕ್ಕೆ ಹೇಳುತ್ತಿದ್ದ, ಹೆಸರಿನ ಬದಲು 'ಕೆಲವರು' ಎನ್ನುತ್ತಿದ್ದ. ಕೆಲವರು ಬೂಟು ಬಿಚ್ಚದೆ ಒಳಗೆ ಬರುತ್ತಾರೆ. ಕೆಲವರು ಗೊರಕೆ ಹೊಡೆದರೆ ಪಕ್ಕದ ಮನೆಯವರು ಭೂಕಂಪವೆಂದು ಬೀದಿಗೆ ಓಡುತ್ತಾರೆ. ಕೊಂಡಿಯೂ ಬರಬರುತ್ತಾ ಅದಕ್ಕೆ ಹೊಂದಿಕೊಂಡು, ಉತ್ತರವನ್ನು ಗೋಡೆಗೇ ಕೊಡತೊಡಗಿದ. ಆ ಮನೆಯ ಗೋಡೆಗೆ ಗೊತ್ತಿರುವಷ್ಟು ಸಂಸಾರದ ಗುಟ್ಟು ಇನ್ನಾವ ಗೋಡೆಗೂ ಗೊತ್ತಿರಲಾರದು.

ಇಂಥ ಇಬ್ಬರನ್ನು ಯಾರ್ಡಿನವರು ಒಂದೇ ಜೋಡಿ ಮಾಡಿದರು. ಮಾವ ದೂರದ ರಸ್ತೆ ಬಿಟ್ಟು ಯಾರ್ಡಿನೊಳಗೇ ಟ್ರೈಲರು ಎಳೆಯುವ ಕೆಲಸಕ್ಕೆ ಬಂದಿದ್ದ. ಟ್ರೈಲರು ಎಳೆಯುವ ಮುಂದಿನ ಗಾಡಿಗೆ ಅಲ್ಲಿ 'ತಲೆ' ಎನ್ನುತ್ತಾರೆ. ತಲೆಯಲ್ಲಿ ಮಾವ, ಬಾಲದಲ್ಲಿ ಅಳಿಯ, ನಡುವೆ ಒಂದು ಟ್ರೈಲರಿನಷ್ಟು ಸಿಟ್ಟು. ನಿಯಮದ ಪ್ರಕಾರ ಕೊಂಡಿ ಕೈ ಮಾಡಿ ತೋರಿಸಬೇಕು, ಬಾಯಿಯ ಮಾತು ಲೆಕ್ಕಕ್ಕಿಲ್ಲ. ಮಾವ ಹಾರ್ನಿನಲ್ಲಿ ಉತ್ತರಿಸುತ್ತಿದ್ದ. ಒಂದು ಸಲ ಒತ್ತಿದರೆ ತಿಳಿಯಿತು, ಎರಡು ಸಲ ಒತ್ತಿದರೆ ಇನ್ನೊಮ್ಮೆ. ಮಾತು ಬಿಟ್ಟವರಿಗೆ ಇದಕ್ಕಿಂತ ಒಳ್ಳೆ ಕೆಲಸ ಎಲ್ಲಿ ಸಿಕ್ಕೀತು? ಬೇರೆ ಜೋಡಿಗಳು ಮುಂದೆ ಹಿಂದೆ ಒದ್ದಾಡುವಲ್ಲಿ ಈ ಮಾವ ಒಂದೇ ಏಟಿಗೆ ಬಂದು ಕೂರುತ್ತಿದ್ದ. ಸೂಜಿಯನ್ನು ಹಿಂದಕ್ಕೆ ಓಡಿಸಿ ದಾರ ಪೋಣಿಸುವ ಮನುಷ್ಯ ಎಂದು ಯಾರ್ಡಿನವರು ಹೊಗಳುತ್ತಿದ್ದರು. ಮಾವ ಅಳಿಯ ಅಂದರೆ ಹೀಗಿರಬೇಕು ಎಂದೂ ಹೇಳುತ್ತಿದ್ದರು, ಪಾಪ, ಗೊತ್ತಿಲ್ಲದವರು.

ಕೊಂಡಿಗೆ ಒಂದು ಚಟವಿತ್ತು. ಟ್ರೈಲರು ಬರುವಾಗ ಅವನು ಅದರೊಂದಿಗೆ ಮಾತಾಡುತ್ತಿದ್ದ, ಮೊಂಡು ಕರುವನ್ನು ಕೊಟ್ಟಿಗೆಗೆ ಕರೆಯುವವನ ಹಾಗೆ. "ಬಾ ಮಗಾ, ಬಾ, ಕಂಬದ ಕಡೆ ಸ್ವಲ್ಪ ಸೊಂಟ ತಿರುಗಿಸು, ಹಾಂ, ಅಷ್ಟೇ, ಇನ್ನೊಂದು ಚೂರು, ಈಗ ನಿಂತ್ಕೋ ನಮ್ಮಪ್ಪ." ತಾನು ಮನಸ್ಸಿನಲ್ಲೇ ಅಂದುಕೊಳ್ಳುತ್ತಿದ್ದೇನೆ ಎಂದು ಅವನ ನಂಬಿಕೆ. ಆದರೆ ಹುಟ್ಟಿ ಬೆಳೆದದ್ದು ಹಳಿಯ ಪಕ್ಕದ ಕೋಣೆಯಲ್ಲಿ, ಅನ್ನ ಕೇಳಬೇಕಾದರೂ ರೈಲಿನ ಸದ್ದನ್ನು ಮೀರಿ ಕೇಳಬೇಕಿತ್ತು. ಅವನ ಪಿಸುಮಾತಿಗೆ ಪಕ್ಕದ ಗೋದಾಮಿನ ಪಾರಿವಾಳಗಳು ಏಳುತ್ತಿದ್ದವು.

ಗೊಂದಲ ಶುರುವಾದದ್ದು ಒಂದು ನಾಯಿಯಿಂದ. ಆವತ್ತು ಟ್ರೈಲರು ಬರುತ್ತಿರುವಾಗ ಹಳಿಗಳ ನಡುವೆ ನಾಯಿಯೊಂದು ಬಿಸಿಲು ಕಾಯಿಸುತ್ತಾ ಮಲಗಿದ್ದು ಕೊಂಡಿಗೆ ಕಂಡಿತು. ಎರಡೂ ಕೈ ಎತ್ತಿದ. ಅದು ನಿಲ್ಲು ಎನ್ನುವ ಸನ್ನೆ, ಕೂಸಿಗೂ ಅರ್ಥವಾಗುವಂಥದ್ದು. ಟ್ರೈಲರು ನಿಲ್ಲಲಿಲ್ಲ. ಅವನ ಬಾಯಿ ರೂಢಿಯಂತೆ ಬಾ ಮಗಾ, ಬಾ ಎನ್ನುತ್ತಲೇ ಇತ್ತು, ಟ್ರೈಲರು ಬರುತ್ತಲೇ ಇತ್ತು. ಕೊನೆಗೆ ನಾಯಿಯೇ ಎದ್ದು, ಇವರ ಮನೆ ಜಗಳದಲ್ಲಿ ನನಗೇನು ಕೆಲಸ ಎನ್ನುವ ಹಾಗೆ ಮೈ ಕೊಡವಿ ಹೋಯಿತು.

ಕೊಂಡಿ ಬೆವರು ಒರೆಸಿಕೊಂಡ. ಮಾವನಿಗೆ ಕೈ ಕಾಣಲಿಲ್ಲವೋ, ಕಂಡರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೋ? ಎರಡರಲ್ಲಿ ಯಾವುದು ಎಂಬುದರ ಮೇಲೆ ಅವನ ಪಕ್ಕೆಲುಬಿನ ಭವಿಷ್ಯ ನಿಂತಿತ್ತು. ಕಣ್ಣು ಕಾಣದಿದ್ದರೆ ನಾಳೆ ನಾಯಿಯ ಜಾಗದಲ್ಲಿ ತಾನು. ಮೇಲಿನವರಿಗೆ ಹೇಳಿಬಿಡೋಣವೆಂದರೆ, ಕಣ್ಣು ಸರಿಯಿದ್ದು ಅದು ಬರೀ ಸಿಟ್ಟೇ ಆಗಿದ್ದರೆ, ಗೇಟಿನವನ ಮಗ ಮಾವನ ಅನ್ನಕ್ಕೆ ಅಡ್ಡ ಗೇಟು ಹಾಕಿದ ಎಂದು ಏಳು ಜನ್ಮಕ್ಕೂ ಮಾತಿರುವುದಿಲ್ಲ. ಕೇಳಿಬಿಡೋಣವೆಂದರೆ, ಗೋಡೆಯ ಹತ್ತಿರ ಇಂಥದ್ದನ್ನು ಕೇಳಲಾಗುತ್ತದೆಯೇ?

ಅವನು ಮಾವನನ್ನು ಪರೀಕ್ಷಿಸಲು ಹೊರಟ. ಪರೀಕ್ಷೆ ಮಾಡಿದಷ್ಟೂ ತಲೆ ಕೆಟ್ಟಿತು.

ಒಂದು ಸಂಜೆ ಅವನು ಬೂಟು ಹಾಕಿಕೊಂಡೇ ಮೆಲ್ಲಗೆ ಒಳಗೆ ಕಾಲಿಟ್ಟ. ಮಾವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದವನು, ತಿರುಗದೆಯೇ, ಕೆಲವರ ಬೂಟಿಗೆ ಗ್ರೀಸು ಮೆತ್ತಿದೆ ಎಂದು ಕಿಟಕಿಗೆ ಹೇಳಿದ. ಬೆನ್ನಿಗೂ ಕಣ್ಣಿರುವವನಿಗೆ ಮುಂದಿನ ಕಣ್ಣು ಕಾಣದೆ ಇರುತ್ತದೆಯೇ? ಮಾವನ ಮೂಗು ನೆನಪಾಗಲಿಲ್ಲ ಅವನಿಗೆ. ಅದಾದ ಎರಡು ದಿನಕ್ಕೆ ಮಾವ ಹೊರಗಿನಿಂದ ಬಂದು, ಬಾಗಿಲ ಹಿಂದೆ ತೂಗುತ್ತಿದ್ದ ಕೊಂಡಿಯ ಕೋಟಿಗೆ, ಯಾವಾಗ ಬಂದ್ರಿ, ಕೂತ್ಕೊಳ್ಳಿ, ಎಂದು ಉಪಚಾರ ಹೇಳಿದ. ಹಾಗಾದರೆ ಕಣ್ಣು ಹೋಗಿದೆ ಎಂದು ಕೊಂಡಿ ತೀರ್ಮಾನಿಸುವಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ಗೋಡೆಗೆ, ಲೋಟಕ್ಕೆ, ಕಿಟಕಿಗೆ ಮಾತಾಡುವ ಮನುಷ್ಯ ಕೋಟಿಗೆ ಮಾತಾಡಿದರೆ ಅದರಲ್ಲೇನು ಹೊಸದು? ಕೋಟು ಬೇರೆ ತನ್ನದು. ನಿನಗಿಂತ ನಿನ್ನ ಕೋಟು ವಾಸಿ ಎಂದು ಚುಚ್ಚಿದ್ದೂ ಇರಬಹುದು. ಆ ರಾತ್ರಿ ಅವನು ಕೋಟನ್ನು ತೆಗೆದು ಬೇರೆ ಕಡೆ ಇಟ್ಟ, ಅದರ ಮೇಲೆ ಒಂಥರಾ ಹೊಟ್ಟೆಕಿಚ್ಚೂ ಬಂದಿತ್ತು.

ಯಾರ್ಡಿನಲ್ಲಿ ಕನ್ನಡಿಯ ಎದುರು ನಿಂತು ನಾಲಿಗೆ ಚಾಚಿ ನೋಡಿದ. ಹಾರ್ನು ಇಲ್ಲ. ಕಿವಿ ಹಿಡಿದುಕೊಂಡು ಕುಣಿದ. ಬೇರೆ ಡ್ರೈವರುಗಳು ಬಿದ್ದು ಬಿದ್ದು ನಕ್ಕರು, ಮಾವನ ಕಡೆಯಿಂದ ಏನೂ ಇಲ್ಲ. ಆದರೆ ಊಟಕ್ಕೆ ಕೂತಾಗ ಮಾವ ಲೋಟಕ್ಕೆ ಹೇಳಿದ, ಕೆಲವರಿಗೆ ತಲೆ ನರೆಯುವ ವಯಸ್ಸು ಬಂದರೂ ಕೋತಿ ಬುದ್ಧಿ ಹೋಗಿಲ್ಲ ಎಂದು. ಕಣ್ಣಾರೆ ಕಂಡದ್ದೋ, ಡ್ರೈವರುಗಳ ಬಾಯಿಂದ ಕೇಳಿದ್ದೋ?

ಕೊನೆಗೆ ಹೆಂಡತಿಯ ಹತ್ತಿರ ಹೇಳಿಕೊಂಡ. ಅವಳು ಒಗೆದ ಬಟ್ಟೆ ಹಿಂಡುತ್ತಾ ಪೂರ್ತಿ ಕೇಳಿದಳು.

"ಅಪ್ಪನಿಗೆ ಕಣ್ಣು ಕಾಣಲ್ಲ ಅಂತೀರಾ? ನೀರು ಬಗ್ಗಿಸಿಕೊಂಡರೆ ಒಂದು ಹನಿ ಚೆಲ್ಲಲ್ಲ ಅವರು. ನೀವು ಚೆಲ್ತೀರಿ."

"ಹಂಗಾದ್ರೆ ನನ್ನ ಮೇಲೆ ಬೇಕಂತಲೇ ಗಾಡಿ ಹತ್ತಿಸ್ತಾರೆ ಅಂತಾನಾ?"

"ಅದೂ ಅಲ್ಲ. ನನ್ನ ಅಪ್ಪ ಅಂಥೋರಲ್ಲ."

"ಕಣ್ಣೂ ಸರಿಯಿದೆ, ಮನಸ್ಸೂ ಸರಿಯಿದೆ. ಮತ್ತೆ ನಾಯಿ ಯಾಕೆ ಎದ್ದು ಹೋಯ್ತು?"

ಅವಳು ಅಂಗಿಯನ್ನು ಒದರಿದ ರಭಸಕ್ಕೆ ಅವನ ಮುಖದ ಮೇಲೆ ಮಳೆಯಾಯಿತು. "ಕಂಡೋರ ಗಾಡಿಗೆಲ್ಲ ಗಂಟು ಹಾಕ್ತೀರಿ. ಮನೇಲಿರೋ ಎರಡು ಗಾಡಿ ಎದುರೆದುರು ನಿಂತು ತುಕ್ಕು ಹಿಡೀತಿವೆ. ನಿಮ್ಮಿಬ್ಬರ ಮಧ್ಯೆ ನಿಂತು ನಾನು ಕೈ ಬೀಸಲ್ಲ, ಹೇಳಿರ್ತೀನಿ" ಎಂದಳು. ಒಳಗೆ ಹೋಗುವಾಗ ಮಾತ್ರ ಅವಳ ಮುಖದಲ್ಲಿ ಅಳುಕಿತ್ತು. ಮರುದಿನ ಅಪ್ಪನ ಮುಂದೆ ಮೂರು ಸಲ ಸೂಜಿಗೆ ದಾರ ಪೋಣಿಸಿಕೊಡಿ ಎಂದು ಕೇಳಿದಳಂತೆ. ಮೂರು ಸಲವೂ ಅಪ್ಪ, ಅದು ಗಂಡಸರ ಕೆಲಸವಲ್ಲ ಎಂದು ಜಾರಿಕೊಂಡನಂತೆ. ಮದುವೆಗೆ ಮುಂಚೆ ಅವಳ ಲಂಗಕ್ಕೆ ತೇಪೆ ಹಾಕುತ್ತಿದ್ದವನು ಅದೇ ಅಪ್ಪ.

ಹೀಗೆ ಹೌದೋ ಅಲ್ಲವೋ ಎನ್ನುತ್ತಿರುವಾಗಲೇ ಕೊಂಡಿಗೆ ನೆಗಡಿಯಾಯಿತು. ಅಂತಿಂಥ ನೆಗಡಿಯಲ್ಲ, ಅವನು ಸೀನಿದರೆ ನಿಂತ ಬೋಗಿ ಅರ್ಧ ಗಾಲಿ ಉರುಳುತ್ತಿತ್ತು. ಬೆಳಗ್ಗೆ ಕೆಲಸಕ್ಕೆ ಹೋಗುವಾಗಲೇ ದನಿ ಒಡೆದ ಮಡಕೆಯಾಗಿತ್ತು. ಆವತ್ತು ಮೊದಲ ಟ್ರೈಲರಿಗೇ ಮಾವ ಎರಡು ಸಲ ಹಾರ್ನು ಹೊಡೆದ. ಎರಡನೆಯದಕ್ಕೆ ನಾಲ್ಕು ಸಲ ಹಿಂದೆ ಮುಂದೆ ಆಡಿದ. ಸೂಜಿಗೆ ದಾರ ಪೋಣಿಸುವ ಮನುಷ್ಯ ಇವತ್ತು ಒನಕೆಗೆ ಹಗ್ಗ ಕಟ್ಟಲೂ ತಿಣುಕುತ್ತಿದ್ದಾನಲ್ಲ ಎಂದು ಯಾರ್ಡಿನವರು ತಲೆ ಕೆರೆದುಕೊಂಡರು. ನನಗೆ ಹುಷಾರಿಲ್ಲದ ದಿನ ನೋಡಿಯೇ ಮಾವ ಸತಾಯಿಸುತ್ತಿದ್ದಾನೆ ಎಂದುಕೊಂಡ ಕೊಂಡಿ. ಕಡೆಯ ಟ್ರೈಲರಿನ ಹೊತ್ತಿಗೆ ದನಿ ಪೂರ್ತಿ ನಿಂತುಹೋಯಿತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು.

ಎಂಜಿನ್ನು ಮುಂದೆ ಕಾಯುತ್ತಿತ್ತು. ಯಾರ್ಡಿನ ಮೇಲಧಿಕಾರಿ, ಎಲ್ಲರೂ ಗಡಿಯಾರ ಎಂದು ಕರೆಯುವ ಮನುಷ್ಯ, ಕಚೇರಿಯ ಮೆಟ್ಟಿಲ ಮೇಲೆ ನಿಂತು ಮಣಿಕಟ್ಟು ನೋಡಿಕೊಳ್ಳುತ್ತಿದ್ದ. ಕೊಂಡಿ ನಡುವೆ ನಿಂತು, ಗೂಟ ತಟ್ಟಿ ನೋಡುವ ಕಬ್ಬಿಣದ ಸಲಾಕೆಯನ್ನು ಕಂಕುಳಲ್ಲಿ ಇರುಕಿಕೊಂಡು, ಕೈಯಲ್ಲಿ ಬರಲಿ ಎಂದು ತೋರಿಸಿದ. ಹಾರ್ನು, ಎರಡು ಸಲ. ಮತ್ತೆ ತೋರಿಸಿದ. ಮತ್ತೆ ಎರಡು ಸಲ. ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಆದರೆ ಕೊಂಡಿಯ ಕಡೆ ತಿರುಗಿದ್ದು ಮುಖವಲ್ಲ, ಕಿವಿ. ಕೊಂಡಿ ಅದನ್ನು ಕಂಡ, ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಅಷ್ಟರಲ್ಲಿ ಮೆಟ್ಟಿಲ ಮೇಲಿಂದ ಗಡಿಯಾರ, ಬೇಗ ಬೇಗ, ಎಂದು ಕೂಗಿದ. ಮಾವ ಆ ದನಿಯನ್ನೇ ನಂಬಿ ಬಿಟ್ಟ ಹಾಗೆ ಟ್ರೈಲರು ಹೊರಟಿತು.

ಅದು ಬಂದ ದಾರಿ ಕಂಬದ ಕಡೆಯೂ ಅಲ್ಲ, ಗೋಡೆ ಕಡೆಯೂ ಅಲ್ಲ, ನೇರ ಕೊಂಡಿಯ ಕಡೆ. ಅವನು ಬಗ್ಗಿ ನಾಲಿಗೆಯನ್ನು ನೋಡುತ್ತಿದ್ದವನು ತಲೆ ಎತ್ತಿದ. ಎರಡೂ ಕೈ ಎತ್ತಿದ. ನಿಲ್ಲಲಿಲ್ಲ. ಅಪ್ಪ ಕಲಿಸಿದ ದನಿಯಲ್ಲಿ ಕೂಗಲು ಬಾಯಿ ತೆರೆದ, ಹಳೆಯ ಟೈರಿನಿಂದ ಗಾಳಿ ಹೋದ ಹಾಗೆ ಹುಸ್ಸೆಂದಿತು. ಪಕ್ಕಕ್ಕೆ ಸರಿಯೋಣವೆಂದರೆ ಟ್ರೈಲರು ಓರೆಯಾಗಿ ಬಂದು ಸರಿಯುವ ಸಂದನ್ನೇ ಮುಚ್ಚುತ್ತಿತ್ತು. ಆಗ ಕೈ ತಾನಾಗಿ ಕಂಕುಳಿನ ಸಲಾಕೆ ಹಿಡಿಯಿತು. ಬೋಗಿಯ ಚೌಕಟ್ಟಿಗೆ ಹೊಡೆದ ಹೊಡೆತಕ್ಕೆ ಊರಿನಲ್ಲಿರುವ ಶಾಲೆಗಳೆಲ್ಲ ಬಿಟ್ಟು ಮಕ್ಕಳು ಮನೆಗೆ ಹೋದವು ಎಂದು ಹೇಳುವವರಿದ್ದಾರೆ. ಟ್ರೈಲರು ಗಕ್ಕನೆ ನಿಂತಿತು. ಅದಕ್ಕೂ ಅವನ ಎದೆಗೂ ನಡುವೆ ಒಂದು ಗೇಣು ಜಾಗವಿತ್ತು, ಅದೂ ಅವನು ಉಸಿರು ಎಳೆದುಕೊಂಡಿದ್ದರಿಂದ.

ತಲೆಯ ಬಾಗಿಲು ತೆರೆದ ಸದ್ದಾಯಿತು. ಮಾವ ಇಳಿದ. ಟ್ರೈಲರಿನ ಪಕ್ಕೆಯ ಮೇಲೆ ಅಂಗೈ ಸವರುತ್ತಾ, ಕತ್ತಲ ಕೋಣೆಯಲ್ಲಿ ಗೋಡೆ ಹಿಡಿದು ನಡೆಯುವವನ ಹಾಗೆ, ಉದ್ದಕ್ಕೂ ನಡೆದು ಹಿಂದಕ್ಕೆ ಬಂದ. ನಡುಮಧ್ಯಾಹ್ನದ ಬಿಸಿಲಿತ್ತು. ಮೂಲೆಗೆ ಬಂದು ನಿಂತ. ಎದುರಿಗೇ ಇದ್ದ ಕೊಂಡಿಯನ್ನು ಬಿಟ್ಟು ಅವನ ಭುಜದಾಚೆಗಿನ ಗಾಳಿಯನ್ನು ನೋಡುತ್ತಾ ಕೇಳಿದ.

"ಇದೀಯೇನೋ?"

ಗೋಡೆಗಲ್ಲ, ಲೋಟಕ್ಕಲ್ಲ, ಕೆಲವರಿಗೂ ಅಲ್ಲ. ಮದುವೆಯಾದಂದಿನಿಂದ ಕೊಂಡಿ ಕಾದಿದ್ದ ಮಾತು ಅದು. ಉತ್ತರ ಹೇಳಬೇಕೆಂದು ಬಾಯಿ ತೆರೆದ. ಗಾಳಿ ಬಂತು.

"ಇದ್ರೆ ಮಾತಾಡೋ. ಹೇಳ್ತಾ ಹೇಳ್ತಾ ಎಲ್ಲೋಗ್ಬಿಟ್ಟೆ? ಕಂಬದ ಕಡೆ ಅಂತೀಯಾ, ಗೋಡೆ ಕಡೆ ಅಂತೀಯಾ, ಏನಾದ್ರೂ ಅನ್ನೋ." ಮಾವನ ಕೈ ಟ್ರೈಲರನ್ನು ಬಿಟ್ಟು ಮುಂದೆ ತಡಕಾಡುತ್ತಿತ್ತು.

ಕೊಂಡಿ ಆ ಕೈಯನ್ನು ಹಿಡಿದು ತನ್ನ ತಲೆಯ ಮೇಲಿಟ್ಟುಕೊಂಡ. ಬೇರೇನು ಮಾಡಬೇಕೋ ಅವನಿಗೆ ತೋಚಲಿಲ್ಲ. ಮಾವನ ಬೆರಳುಗಳು ನೆತ್ತಿ, ಹಣೆ, ಕಿವಿ ಎಲ್ಲ ಸವರಿ ಮತ್ತೆ ನೆತ್ತಿಗೆ ಬಂದವು.

"ಕೂದಲೆಲ್ಲ ಎಲ್ಲಿ ಹಾಕ್ಬಿಟ್ಟೆ?" ಎಂದ ಮಾವ, ಮೆಲ್ಲಗೆ.

ಇಬ್ಬರೂ ಬೋಗಿಯ ಚೌಕಟ್ಟಿನ ಮೇಲೆ ಕೂತರು. ಮಾತಾಡುವ ಬಾಯಿ ಒಂದೇ ಇದ್ದದ್ದರಿಂದ ಆವತ್ತು ಅಡ್ಡ ಮಾತಿರಲಿಲ್ಲ. ಮುಂದೆ ನೋಡಿದರೆ ನೆರಳು ಬೆಳಕು ಗೊತ್ತಾಗುತ್ತದೆ, ನಿಂತ ಟ್ರೈಲರಿನವರೆಗೆ ಹೋಗಿ ಬರುವ ದಾರಿ ಚಕ್ರಕ್ಕೇ ಬಾಯಿಪಾಠವಾಗಿದೆ, ಆದರೆ ಕನ್ನಡಿಯಲ್ಲಿ ಯಾವಾಗ ನೋಡಿದರೂ ಹಾಲು ಚೆಲ್ಲಿದ ಹಾಗೆ ಕಾಣುತ್ತದೆ ಎಂದು ಮಾವ ಹೇಳಿದ. ಕೈ ಸನ್ನೆ ಕಂಡು ಎಷ್ಟೋ ಕಾಲವಾಯಿತು. ಕೊಂಡಿ ಟ್ರೈಲರಿಗೆ ಹೇಳುತ್ತಿದ್ದ ಮಾತನ್ನೇ ಹಿಡಿದುಕೊಂಡು ಮಾವ ಬರುತ್ತಿದ್ದ. ಕಣ್ಣಿಲ್ಲದ ಡ್ರೈವರೆಂದರೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ ಎಂದು ಬಾಯಿ ಬಿಟ್ಟಿರಲಿಲ್ಲ.

"ಹಳಿ ಇದ್ದ ಹಾಗೆ ಕಣೋ ನಿನ್ನ ದನಿ. ಗಾಲಿ ಇಟ್ರೆ ಸಾಕು, ಅದೇ ಕರ್ಕೊಂಡು ಹೋಗುತ್ತೆ."

ಹಳಿಯ ಹೆಸರೆತ್ತಿದರೆ ಉಗುಳುತ್ತಿದ್ದ ಮನುಷ್ಯನ ಬಾಯಲ್ಲಿ ಇದು ಎಂಥ ಮಾತೆಂದು ಕೊಂಡಿಗೆ ಗೊತ್ತಿತ್ತು. ಅವನಿಗೂ ಒಂದು ಪ್ರಶ್ನೆಯಿತ್ತು. ಇಷ್ಟು ಕಾಲ ಮುಖ ನೋಡದೆ ಇದ್ದದ್ದರಲ್ಲಿ ಕೋಪ ಎಷ್ಟು ವರ್ಷ, ಕಣ್ಣಿನ ಪೊರೆ ಎಷ್ಟು ವರ್ಷ? ಎದುರು ಮಾತಾಡಿದರೆ ಕಣ್ಣಿನ ಗುಟ್ಟು ಬಯಲಾದೀತೆಂದು ಗೋಡೆಯ ಕಡೆ ತಿರುಗಿದ್ದೇ ಹೆಚ್ಚೋ? ಕೇಳಲು ದನಿ ಇರಲಿಲ್ಲ. ದನಿ ಬಂದಮೇಲೆ ಕೇಳಲು ಧೈರ್ಯ ಬರಲಿಲ್ಲ.

ಅಷ್ಟು ಹೊತ್ತಿಗೆ ಗಡಿಯಾರ ಓಡಿ ಬಂದ. ಏನಾಯಿತು, ಯಾರ ತಪ್ಪು ಎಂದು ಕೊಂಡಿಯನ್ನು ಕೇಳಿದ. ಕೊಂಡಿ ಹುಸ್ಸೆಂದ. ಮಾವ ಎದ್ದು ನಿಂತು ಜೇಬಿನಿಂದ ಕೀಲಿ ತೆಗೆದ.

"ಕೆಲವರ ಕಣ್ಣು ಹೋಗಿದೆ ಸ್ವಾಮಿ. ಕೆಲವರು ಇನ್ನು ಗಾಡಿ ಹತ್ತಲ್ಲ" ಎಂದು ಅವನ ಕೈಗೆ ಹಾಕಿದ.

ಗಡಿಯಾರನಿಗೆ ಈ ಕೆಲವರು ಯಾರೆಂದು ತಿಳಿಯದೆ, ಯಾರ್ಡಿನಲ್ಲಿ ಎಷ್ಟು ಜನ ಕುರುಡರಿದ್ದಾರೋ ಎಂದು ಗಾಬರಿಯಾಗಿ ಎಲ್ಲರ ಕಣ್ಣನ್ನೂ ಬಗ್ಗಿ ಬಗ್ಗಿ ನೋಡಿದ. ಕಡೆಯ ಟ್ರೈಲರನ್ನು ಬೇರೆ ಡ್ರೈವರು ಕೂರಿಸಿದ. ಕೊಂಡಿ ದೂರ ನಿಂತು ಬರೀ ಕೈಯಲ್ಲಿ ತೋರಿಸಿದ. ಆ ಡ್ರೈವರು ಇಳಿದು ಬಂದು, ನೀನು ತೋರಿಸಿದ್ದು ಸನ್ನೆಯೋ, ಸೊಳ್ಳೆ ಹೊಡೆದದ್ದೋ, ಎಂದು ಕೇಳಿದ. ಕೊಂಡಿ ಆಗ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಮಗಳು ಅಪ್ಪನನ್ನು ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದ ರೀತಿ ನೋಡಿದ್ದರೆ ಯಾರ್ಡಿನವರು ಅವಳನ್ನೇ ಎಂಜಿನ್ನಾಗಿ ಕಟ್ಟುತ್ತಿದ್ದರು. ಒಂದಾದ ಮೇಲೊಂದು ಕಣ್ಣಿನ ಪೊರೆ ತೆಗೆದರು. ಕಟ್ಟು ಬಿಚ್ಚಿದ ದಿನ ಮಾವ ಮೊದಲು ಮಗಳನ್ನು ನೋಡಿದ, ಆಮೇಲೆ ಅವಳ ಹಿಂದೆ ನಿಂತವನನ್ನು ಬಹಳ ಹೊತ್ತು ನೋಡಿದ. "ನಾನು ಕೊಟ್ಟಿದ್ದು ಕೂದಲಿದ್ದ ಹುಡುಗನಿಗಲ್ವಾ?" ಎಂದು ಮಗಳನ್ನು ಕೇಳಿದ. ಅವರೇ ಇವರು ಅಪ್ಪ, ಎಂದಳು ಅವಳು. ಇರಲಿ ಬಿಡು, ದನಿ ಅದೇ ಇದ್ಯಲ್ಲ, ಎಂದ.

ಆಸ್ಪತ್ರೆಯವರು ಕಣ್ಣು ಸರಿಯಿದೆ ಎಂದರು. ಯಾರ್ಡಿನವರೂ ತಮ್ಮ ಕಡೆಯಿಂದ ಪರೀಕ್ಷೆ ಮಾಡಿದರು, ಗಡಿಯಾರ ಬೆರಳು ಎಣಿಸಿ ಎಣಿಸಿ ತೋರಿಸಿ, ಮಾವನಿಗೆ ಕೀಲಿ ವಾಪಸು ಕೊಟ್ಟ. ಎಲ್ಲ ಸುಖವಾಯಿತು ಎಂದುಕೊಂಡು ಕೊಂಡಿ ತನ್ನ ಜಾಗದಲ್ಲಿ ನಿಂತ. ಮಾವ ಕನ್ನಡಿ ಒರೆಸಿ, ಸರಿಮಾಡಿ, ಹಿಂದಕ್ಕೆ ಹೊರಟ. ಟ್ರೈಲರು ಕಂಬದ ಕಡೆ ಹೋಯಿತು, ಗೋಡೆ ಕಡೆ ಬಂತು, ಅಡ್ಡಡ್ಡ ನಿಂತಿತು. ಮುಂದೆ ಹೋಗಿ ಮತ್ತೆ ಬಂತು. ಇನ್ನಷ್ಟು ಅಡ್ಡವಾಯಿತು. ಕಣ್ಣಿಲ್ಲದಾಗ ಒಂದೇ ಏಟಿಗೆ ಕೂರಿಸುತ್ತಿದ್ದವನು ಕಣ್ಣು ಬಂದಮೇಲೆ ಊರೆಲ್ಲ ಸುತ್ತುತ್ತಿದ್ದಾನೆ. ಬೇರೆ ಡ್ರೈವರುಗಳು ಕೆಲಸ ಬಿಟ್ಟು ಸಾಲಾಗಿ ನಿಂತರು. ಡಾಕ್ಟರು ಕಣ್ಣನ್ನು ತಿರುಗುಮುರುಗು ಕೂರಿಸಿರಬೇಕು ಎಂದ ಒಬ್ಬ.

ಮಾವ ಇಳಿದು ಬಂದ, ಈ ಸಲ ಟ್ರೈಲರನ್ನು ಸವರದೆ, ದಾಪುಗಾಲು ಹಾಕಿಕೊಂಡು.

"ಏನೋ ನಿಂದು? ಬಾಯಿ ಕಂಬದ ಕಡೆ ಅನ್ನುತ್ತೆ, ಕೈ ಗೋಡೆ ಕಡೆ ಅನ್ನುತ್ತೆ. ನಾನು ಯಾರ ಮಾತು ಕೇಳ್ಲಿ?"

ಕೊಂಡಿ ತನ್ನ ಕೈಗಳನ್ನು ನೋಡಿಕೊಂಡ. ನಿಜವಿರಬಹುದು. ಇಷ್ಟು ಕಾಲ ದುಡಿದದ್ದು ಬಾಯಿ, ಕೈಗಳನ್ನು ಕೇಳುವವರೇ ಇರಲಿಲ್ಲ. ಯಾರೂ ನೋಡದ ಕೈಗಳು ಸಂಬಳಕ್ಕೆ ಸೇರಿದ ಸೋಮಾರಿಗಳ ಹಾಗೆ ಮನಸ್ಸಿಗೆ ಬಂದಂತೆ ಆಡುವುದನ್ನು ಕಲಿತುಬಿಟ್ಟಿದ್ದವು. ಹಾಗಾದರೆ ಆ ನಾಯಿಯ ದಿನ ತಾನು ಎತ್ತಿದ್ದು ನಿಲ್ಲು ಎನ್ನುವ ಸನ್ನೆಯೇ, ಇನ್ನೇನೋ ಆಗಿತ್ತೇ? ಅದೂ ಈಗ ಅನುಮಾನಕ್ಕೆ ಬಂತು.

"ಎರಡೂ ಕೈ ಜೇಬಿಗೆ ಹಾಕ್ಕೋ" ಎಂದ ಮಾವ. "ಸಂದಿನೊಳಗೆ ನಿಲ್ಬೇಡ, ಆ ಕಂಬದ ಹತ್ರ ನಿಂತು ಮಾತಾಡು. ನಿನ್ನ ದನಿಗೆ ಹತ್ರ ದೂರ ಏನಿದೆ."

ಅಂದಿನಿಂದ ಆ ಯಾರ್ಡಿಗೆ ಹೊಸದಾಗಿ ಬಂದವರಿಗೆ ಒಂದು ದೃಶ್ಯ ಅರ್ಥವಾಗುವುದಿಲ್ಲ. ಕೈ ಸನ್ನೆ ಮಾಡಬೇಕಾದ ಮನುಷ್ಯ ಜೇಬಿನಲ್ಲಿ ಕೈಯಿಟ್ಟುಕೊಂಡು, ದೀಪದ ಕಂಬಕ್ಕೆ ಒರಗಿ, ಬಾ ಮಗಾ, ಸೊಂಟ ತಿರುಗಿಸು ಎಂದು ಟ್ರೈಲರಿಗೆ ಹೇಳುತ್ತಿರುತ್ತಾನೆ. ಟ್ರೈಲರು ಒಂದೇ ಏಟಿಗೆ ಬಂದು ಕೂರುತ್ತದೆ, ನಾಲಿಗೆ ಗೂಡಿಗೆ ಹೋಗುತ್ತದೆ, ಗೂಟ ಬೀಳುತ್ತದೆ. ಗಡಿಯಾರ ನಿಯಮ ನೆನಪಿಸಲು ಬಾಯಿ ತೆರೆಯುತ್ತಾನೆ, ಹೊತ್ತಾಯಿತೆಂದು ಮುಚ್ಚುತ್ತಾನೆ.

ಕೊಂಡಿಗೆ ಉಳಿದಿರುವುದು ಒಂದೇ ಅನುಮಾನ. ಕಂಬದ ಹತ್ತಿರದಿಂದ ಕನ್ನಡಿಯಲ್ಲಿ ಮಾವನ ಮುಖ ಕಾಣುತ್ತದೆ, ಆಸ್ಪತ್ರೆಯವರು ಕೊಟ್ಟ ಕನ್ನಡಕದ ಮೇಲೆ ಬಿಸಿಲು ಹೊಳೆಯುತ್ತದೆ. ಅದರ ಹಿಂದೆ ಮಾವ ಕಣ್ಣು ತೆರೆದಿದ್ದಾನೋ, ಇಲ್ಲ, ಹಳೆಯ ಅಭ್ಯಾಸದಂತೆ ಮುಚ್ಚಿಕೊಂಡು ದನಿ ಹಿಡಿದೇ ಬರುತ್ತಿದ್ದಾನೋ? ಊಟಕ್ಕೆ ಕೂತಾಗ ಒಂದು ಸಲ ಧೈರ್ಯ ಮಾಡಿ ಕೇಳಿಯೂ ಕೇಳಿದ. ಮಾವ ಅವನ ಮುಖವನ್ನೇ ನೇರವಾಗಿ ನೋಡಿದ, ಆಮೇಲೆ ಲೋಟದ ಕಡೆ ತಿರುಗಿದ.

"ಕೆಲವರಿಗೆ ಎಲ್ಲಾ ಗೊತ್ತಾಗಬೇಕು" ಎಂದ.